ಎರಡು ಕಾರ್ಬ್ಯುರೇಟರ್, ಒಂದೇ ಉಸಿರು

ಯಾದಗಿರಿಯಿಂದ ಭೀಮಾ ಸೇತುವೆಯನ್ನು ದಾಟಿ, ಶಹಾಪುರದ ಮೂಲಕ ಸುರಪುರಕ್ಕೆ ಹೋಗುವಾಗ ಹತ್ತಿ ಹೇರಿದ ಲಾರಿಯೊಂದನ್ನು ಹಿಂದಿಕ್ಕಬೇಕಾಗಿದೆ ಎಂದುಕೊಳ್ಳಿ. ಆಕ್ಸಿಲರೇಟರನ್ನು ಒತ್ತಿದೊಡನೆ ಎಂಜಿನ್ನು ಓಗೊಡುವ ಬದಲು ಒಂದು ಕ್ಷಣ ತಡವರಿಸುತ್ತದೆ. ಎದುರಿನಿಂದ ಬಸ್ಸು ಬರುತ್ತಿದ್ದರೆ ಆ ಕ್ಷಣದ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಅದನ್ನು ಅಕ್ಕರೆಯಿಂದ ಉಳಿಸಿಕೊಂಡು, ಜೋಡಿ ಕಾರ್ಬ್ಯುರೇಟರ್ ಕೂಡಿಸಿ ಚುರುಕುಗೊಳಿಸಬೇಕೆನ್ನುವವರು ಮೊದಲು ಯೋಚಿಸಬೇಕಾದದ್ದು ಈ ಒಂದು ಕ್ಷಣವನ್ನು ಕುರಿತು.

ಕಾರ್ಬ್ಯುರೇಟರ್ ಎಂಜಿನ್ನಿನ ಮೂಗು ಇದ್ದಂತೆ. ಒಳಗೆ ಹೋಗುವ ಗಾಳಿಗೆ ಪೆಟ್ರೋಲನ್ನು ಹದವಾಗಿ ಬೆರೆಸುವುದು ಅದರ ಕೆಲಸ. ಗಾಳಿ ಎಷ್ಟು ಬೇಕೆಂಬುದನ್ನು ನಿರ್ಧರಿಸುವುದು ಎಂಜಿನ್ನು. ಅಂಬಾಸಡರಿನ 1489 ಸಿ.ಸಿ. ಎಂಜಿನ್ನಿಗೆ ನಿಮಿಷಕ್ಕೆ 2000 ಸುತ್ತಿನಲ್ಲಿ ಹೆಚ್ಚೆಂದರೆ 1489 ಲೀಟರ್ ಗಾಳಿ ಸಾಕು. 4500 ಸುತ್ತಿನಲ್ಲಿ ಸುಮಾರು 3350 ಲೀಟರ್ ಬೇಕು. ನಮ್ಮ ದಾರಿಗಳಲ್ಲಿ ಬಹುಕಾಲ ಕಳೆಯುವುದು ಮೊದಲಿನ ಲೆಕ್ಕದಲ್ಲಿ. ಕಾರ್ಬ್ಯುರೇಟರಿನ ಬಾಯಿ ಅತಿ ಅಗಲವಾದರೆ ಅಷ್ಟು ಗಾಳಿ ಮಂದವಾಗಿ ಹರಿಯುತ್ತದೆ, ಪೆಟ್ರೋಲು ನುಣ್ಣನೆಯ ತುಂತುರಾಗದು. ತಡವರಿಕೆ ಹುಟ್ಟುವುದು ಅಲ್ಲಿ.

ಇದೇ ವಂಶದ ಎಂಜಿನ್ನಿಗೆ ಬ್ರಿಟನ್ನಿನ ಎಂ.ಜಿ. ಮ್ಯಾಗ್ನೆಟ್ ಕಾರಿನಲ್ಲಿ ಎರಡು ಎಸ್.ಯು. ಕಾರ್ಬ್ಯುರೇಟರುಗಳಿದ್ದವು. 1953ರ ಮಾದರಿಯಲ್ಲಿ ಒಂದೂಕಾಲು ಅಂಗುಲದವು, 1956ರದರಲ್ಲಿ ಒಂದೂವರೆ ಅಂಗುಲದವು. ಶಕ್ತಿ 60ರಿಂದ ಸುಮಾರು 68 ಅಶ್ವಶಕ್ತಿಗೆ ಏರಿತು. ಆದರೆ ಎರಡನೆಯದರಲ್ಲಿ ಸಂಪೀಡನವನ್ನೂ ಹೆಚ್ಚಿಸಿದ್ದುದರಿಂದ ಕೀರ್ತಿಯೆಲ್ಲ ಅಗಲವಾದ ಬಾಯಿಗೇ ಸಲ್ಲದು. ನಮ್ಮ ರಸ್ತೆಗೆ ನಾನು ಆರಿಸುವುದು ಒಂದೂಕಾಲು ಅಂಗುಲದ ಜೋಡಿಯನ್ನೇ. ಎಸ್.ಯು. ಕಾರ್ಬ್ಯುರೇಟರಿನ ಒಳಗಿರುವ ಪಿಸ್ಟನ್ ಗಾಳಿಯ ಸೆಳೆತಕ್ಕೆ ತಕ್ಕಂತೆ ಏರಿಳಿದು ದಾರಿಯನ್ನು ತಾನೇ ಹಿಗ್ಗಿಸಿ ಕುಗ್ಗಿಸುತ್ತದೆ. ಇದು ನಿಧಾನದ ಓಟಕ್ಕೂ ಅನುಕೂಲ.

ಆಯ್ಕೆಯಷ್ಟೇ ಮುಖ್ಯವಾದದ್ದು ಹೊಂದಾಣಿಕೆ. ಒಂದೊಂದು ಕಾರ್ಬ್ಯುರೇಟರ್ ಎರಡೆರಡು ಸಿಲಿಂಡರುಗಳನ್ನು ಪೋಷಿಸುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾದರೆ ಎಂಜಿನ್ನು ನಡುಗುತ್ತದೆ. ಪೆಟ್ರೋಲು ಕಡಿಮೆಯಾದ ಬದಿಯಲ್ಲಿ ಕವಾಟಗಳು ಸುಡಬಹುದು. ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಒಂದೊಂದು ಬಾಯಿಗೂ ಹಿಡಿದು, ಎರಡರ ಉಸಿರಿನ ಸದ್ದು ಒಂದಾಗುವವರೆಗೆ ತಿರುಪು ತಿರುಗಿಸುವುದು ಹಳೆಯ ಪದ್ಧತಿ. ತಂಬೂರಿಯ ಶ್ರುತಿ ಕೂಡಿಸುವಷ್ಟೇ ತಾಳ್ಮೆ ಇದಕ್ಕೂ ಬೇಕು.

ನಮ್ಮ ಸೀಮೆಯ ಹವೆಯನ್ನೂ ಮರೆಯುವಂತಿಲ್ಲ. ಮೇ ತಿಂಗಳ 40 ಡಿಗ್ರಿಯ ಗಾಳಿಗಿಂತ 15 ಡಿಗ್ರಿಯ ಚಳಿಗಾಲದ ಗಾಳಿ ಸುಮಾರು ಶೇಕಡಾ 9ರಷ್ಟು ಸಾಂದ್ರವಾದದ್ದು. ಬೇಸಿಗೆಯ ಮಧ್ಯಾಹ್ನ ಹದಗೊಳಿಸಿದ ಮಿಶ್ರಣದಲ್ಲಿ ಚಳಿಗಾಲದ ಮುಂಜಾನೆ ಪೆಟ್ರೋಲು ಕೊರತೆಯಾಗುತ್ತದೆ, ಮತ್ತೆ ನೋಡಬೇಕು. ಎರೆಮಣ್ಣಿನ ಧೂಳಿಗೆ ಎರಡು ಬಾಯಿಗಳಿಗೂ ಶೋಧಕ ಬೇಕು.

ಇಷ್ಟು ಆರೈಕೆಗೆ ಬಿಡುವಿಲ್ಲದವರಿಗೆ, ಸರಿಯಾಗಿ ಹದಮಾಡಿದ ಒಂದೇ ಕಾರ್ಬ್ಯುರೇಟರ್ ಮೇಲು.