ಪೊಲೀಸ್ ನೇಮಕಾತಿ: ಓಟದ ಪರೀಕ್ಷೆಗೆ ಪೂರ್ವಸಿದ್ಧತೆ

ಕರ್ನಾಟಕದ ಪೊಲೀಸ್ ಕಾನ್ಸ್‌ಟೇಬಲ್ ನೇರ ನೇಮಕಾತಿಯ ಸಹಿಷ್ಣುತೆ ಪರೀಕ್ಷೆಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳೊಳಗೆ, ಮಹಿಳಾ ಅಭ್ಯರ್ಥಿಗಳು 400 ಮೀಟರ್ ದೂರವನ್ನು 2 ನಿಮಿಷಗಳೊಳಗೆ ಕ್ರಮಿಸತಕ್ಕದ್ದು. ಲಿಖಿತ ಪರೀಕ್ಷೆಯಲ್ಲಿ ಉತ್ತಮ ಅಂಕ ಗಳಿಸಿದವರೂ ಓಟದಲ್ಲಿ ವಿಫಲರಾದಲ್ಲಿ ಆಯ್ಕೆಗೆ ಅರ್ಹರಾಗುವುದಿಲ್ಲ. ಅನೇಕ ಅಭ್ಯರ್ಥಿಗಳಿಗೆ ಸಮಯಮಿತಿಯೊಳಗೆ ಓಡುವ ಮೊದಲ ಅನುಭವ ಇದೇ ಆಗಿರುತ್ತದೆ.

1600 ಮೀಟರ್ ಎಂದರೆ 400 ಮೀಟರ್ ಪಥದ 4 ಸುತ್ತುಗಳು. ಪ್ರತಿ ಸುತ್ತಿಗೆ ದೊರೆಯುವುದು ಸುಮಾರು 97 ಸೆಕೆಂಡು. ಮೊದಲ ಸುತ್ತಿನಲ್ಲಿಯೇ ಶಕ್ತಿಯನ್ನೆಲ್ಲ ವ್ಯಯಿಸಿ ಮೂರನೆಯ ಸುತ್ತಿನಲ್ಲಿ ನಿಂತುಬಿಡುವುದೇ ಸಾಮಾನ್ಯವಾಗಿ ಕಂಡುಬರುವ ತಪ್ಪು. ಪಕ್ಕದವರು ಮುಂದೆ ಹೋದರೆ ಹೋಗಲಿ. ಇಲ್ಲಿ ಪೈಪೋಟಿ ಗಡಿಯಾರದೊಂದಿಗೆ ಮಾತ್ರ.

ಕರೆಪತ್ರ ಬಂದ ನಂತರ ಅಭ್ಯಾಸ ಆರಂಭಿಸಿದರೆ ತಡವಾಗುತ್ತದೆ. ಅರ್ಜಿ ಸಲ್ಲಿಸಿದ ದಿನದಿಂದಲೇ ವಾರಕ್ಕೆ 4 ದಿನ ನಡಿಗೆ ಹಾಗೂ ನಿಧಾನ ಓಟವನ್ನು ಬೆರೆಸಿ ಅಭ್ಯಸಿಸುವುದು. ನಿಲ್ಲದೆ 3 ಕಿ.ಮೀ. ಓಡಲು ಸಾಧ್ಯವಾದ ಮೇಲೆ, ವಾರಕ್ಕೊಮ್ಮೆ 400 ಮೀಟರನ್ನು 95 ಸೆಕೆಂಡುಗಳಲ್ಲಿ, ನಡುವೆ ವಿಶ್ರಾಂತಿ ಪಡೆದು, 4 ಬಾರಿ ಓಡುವುದು. ಮೈದಾನವಿಲ್ಲದ ಊರುಗಳಲ್ಲಿ ವಾಹನ ಸಂಚಾರ ವಿರಳವಾದ ರಸ್ತೆಯನ್ನು ದ್ವಿಚಕ್ರ ವಾಹನದ ಮೀಟರಿನಿಂದ ಅಳೆದುಕೊಳ್ಳಬಹುದು.

ಹೃದ್ರೋಗ ಅಥವಾ ಉಬ್ಬಸ ಉಳ್ಳವರು ಮೊದಲೇ ವೈದ್ಯರ ಸಲಹೆ ಪಡೆಯತಕ್ಕದ್ದು. ಪರೀಕ್ಷೆಯ ದಿನ ಹೊಸ ಬೂಟು ಧರಿಸಬಾರದು. ಎದೆನೋವು, ತಲೆಸುತ್ತು ಕಂಡುಬಂದಲ್ಲಿ ಕೂಡಲೇ ಓಟ ನಿಲ್ಲಿಸಿ ಸ್ಥಳದಲ್ಲಿರುವ ಸಿಬ್ಬಂದಿಗೆ ತಿಳಿಸತಕ್ಕದ್ದು.