ನ್ಗಾರಾದಲ್ಲಿ ಒಂದು ಐಸ್ ಪೆಟ್ಟಿಗೆ ಬಿಚ್ಚಿದಾಗ

ಬೆಳಿಗ್ಗೆ ಹತ್ತಾದರೂ ಜುಲೈಯ ನೈರೋಬಿಗೆ ಬಿಸಿಲು ಇಳಿದಿಲ್ಲ. ಭೂಮಧ್ಯರೇಖೆ ನೂರೈವತ್ತು ಕಿಲೋಮೀಟರಿನೊಳಗೇ ಇದೆ, ಆದರೂ ಊರು ಕೂತಿರುವುದು ಸುಮಾರು 1,795 ಮೀಟರ್ ಎತ್ತರದಲ್ಲಿ. ಹಾಗಾಗಿ ನ್ಗಾರಾದ ಈ ಓಣಿಯಲ್ಲಿ ಎಲ್ಲರ ಮೈಮೇಲೂ ಸ್ವೆಟರು. ದೊಡ್ಡ ರಸ್ತೆಯಿಂದ ಮಟಾಟು ವ್ಯಾನುಗಳ ಹಾಡು, ಹಾರ್ನು, ಗಿರಾಕಿಗಳನ್ನು ಕೂಗುವ ಹುಡುಗರ ದನಿ ಒಳಗೆ ನುಗ್ಗುತ್ತವೆ. ಮೂಲೆಯಲ್ಲಿ ಇದ್ದಿಲೊಲೆಯ ಮೇಲೆ ಮುಸುಕಿನ ಜೋಳ ಸುಡುತ್ತಿದೆ. ತಗಡಿನ ಮಾಡಿನ ಒಂದು ಅಂಗಡಿಯೆದುರು ಹಳೇ ಫ್ರಿಜ್‌ಗಳು ಗೋಡೆಗೆ ಬೆನ್ನು ಕೊಟ್ಟು ನಿಂತಿವೆ. ಕೆಲವಕ್ಕೆ ಬಾಗಿಲಿಲ್ಲ, ಕೆಲವಕ್ಕೆ ಕಂಪ್ರೆಸರ್ ಇಲ್ಲ. ಅವುಗಳ ನಡುವೆ ಬೂದುಬಣ್ಣದ, ಆಳೆತ್ತರದ, ಜೋಡಿ ಬಾಗಿಲಿನ ಒಂದು ಫ್ರಿಜ್. ಎಡಬಾಗಿಲಿನ ಎದೆಮಟ್ಟದಲ್ಲಿ ಲೋಟ ಒಡ್ಡುವ ಗೂಡು, ಅದರ ಮೇಲೆ ಮೂರು ಗುಂಡಿ: ನೀರು, ಐಸ್ ತುಂಡು, ಐಸ್ ಹುಡಿ. ಮೂರನೆಯದನ್ನು ಒತ್ತಿದರೆ ಒಳಗೆ ಗುಂಯ್ ಎಂದು ಏನೋ ಗುನುಗುತ್ತದೆ. ಗೂಡಿಗೆ ಮಾತ್ರ ಏನೂ ಬೀಳುವುದಿಲ್ಲ.

ಫ್ರಿಜ್ಜು ಬಂದದ್ದು ಗಿಗಿರಿಯಿಂದ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಮುಖ್ಯ ಕಚೇರಿ ಅಲ್ಲಿದೆ, ಅಮೆರಿಕದ ರಾಯಭಾರ ಕಚೇರಿ ಅಲ್ಲಿದೆ. ವರ್ಗವಾಗಿ ಬರುವ ಸಂಸಾರಗಳು ಮನೆಸಾಮಾನನ್ನು ಕಂಟೇನರಿನಲ್ಲಿ ತರುತ್ತವೆ, ಹೋಗುವಾಗ ಮಾರಿ ಹೋಗುತ್ತವೆ. ಹಾಗೆ ಮಾರಿದ್ದನ್ನು ಕೊಂಡವರು ಪಾರ್ಕ್‌ಲ್ಯಾಂಡ್ಸಿನಲ್ಲಿರುವ ನಮ್ಮ ಉಡುಪಿ ಕಡೆಯ ರಾಯರು. ಅವರ ಜೊತೆಗೆ ನಾನೂ ಬಂದು, ತಲೆಕೆಳಗಾದ ಒಂದು ಸೋಡಾ ಕ್ರೇಟಿನ ಮೇಲೆ ಕೂತಿದ್ದೇನೆ.

ಫುಂಡಿಗೆ ಐವತ್ತು ದಾಟಿರಬೇಕು. ಇಲ್ಲಿ ಕೈಕೆಲಸ ಬಲ್ಲವರೆಲ್ಲರೂ ಫುಂಡಿಗಳೇ. ಫ್ರೀಜರಿನ ಬಾಗಿಲು ತೆರೆದು, ಬಾಲ್ದಿಯಷ್ಟು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಮೇಲಕ್ಕೆತ್ತಿ ಎಳೆದರು. ಬರಲಿಲ್ಲ. ರಾಯರು ಸ್ಕ್ರೂಡ್ರೈವರ್ ಚಾಚಿದರು.

"ಪೋಲೆ ಪೋಲೆ, ಮೆಲ್ಲಗೆ, ಬಾಸ್. ಅದು ಬೇಡ. ಅದರಿಂದಲೇ ಅರ್ಧ ಪೆಟ್ಟಿಗೆಗಳು ನನ್ನ ಹತ್ತಿರ ಬರುವುದು," ಎಂದರು ಫುಂಡಿ. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಪೆಟ್ಟಿಗೆಯ ಅಡಿಗೆ ಒತ್ತಿ ಹಿಡಿದು ಕಾದರು. ಟಕ್ ಎಂದು ಬಿಟ್ಟುಕೊಂಡಿತು.

ಮೇಜಿನ ಮೇಲೆ ಬೋರಲು ಹಾಕಿದಾಗ ಹೊರಬಿದ್ದದ್ದು ಬಿಡಿಬಿಡಿ ತುಂಡುಗಳಲ್ಲ, ಒಂದೇ ಗಡ್ಡೆ. ಅರ್ಧಚಂದ್ರದ ಆಕಾರದ ನೂರಾರು ತುಂಡುಗಳು ಒಂದಕ್ಕೊಂದು ಬೆಸೆದು, ನಡುವೆ ದಪ್ಪ ತಂತಿಯ ಸುರುಳಿಯೊಂದನ್ನು ಕಚ್ಚಿ ಹಿಡಿದಿದ್ದವು. ಈ ಸುರುಳಿ ತಿರುಗಿದರೆ ಐಸ್ ಮುಂದಕ್ಕೆ ಸರಿಯಬೇಕು. ಸುರುಳಿಯ ಮುಂದಿನ ತುದಿಯಲ್ಲಿದೆ ನಾನು ನೋಡಬೇಕೆಂದಿದ್ದ ಭಾಗ.

ಅಂಗೈಯಗಲದ ಒಂದು ಗುಂಡಗಿನ ಗೂಡು. ಒಳಗೆ ಸ್ಟೀಲಿನ ಬ್ಲೇಡುಗಳು ಎರಡು ಗುಂಪಾಗಿವೆ. ಒಂದು ಗುಂಪು ನಡುವಿನ ದಂಡಕ್ಕೆ ಕಚ್ಚಿಕೊಂಡು ಅದರ ಜೊತೆ ತಿರುಗುತ್ತದೆ. ಇನ್ನೊಂದು ಗುಂಪಿನ ಒಂದು ತುದಿ ಗೂಡಿನ ಗೋಡೆಗೆ ಸಿಕ್ಕಿಕೊಂಡಿದೆ, ಆದ್ದರಿಂದ ಅದು ಅಲುಗುವುದಿಲ್ಲ. ಎರಡು ಬಾಚಣಿಗೆಗಳ ಹಲ್ಲು ಒಂದರೊಳಗೊಂದು ಹಾಯ್ದ ಹಾಗೆ, ನಿಂತ ಬ್ಲೇಡುಗಳ ಸಂದಿನಲ್ಲಿ ತಿರುಗುವ ಬ್ಲೇಡುಗಳು ಹಾದುಹೋಗುತ್ತವೆ. ಅಂಚು ಚೂರಿಯಂತೆ ಹರಿತವಲ್ಲ, ಗರಗಸದಂತೆ ಹಲ್ಲುಹಲ್ಲು. ಐಸನ್ನು ಕೊಯ್ಯುವುದು ಅದರ ಕೆಲಸವಲ್ಲ. ನಾಲ್ಕಾರು ಕಡೆ ಮೊನೆ ಊರಿ ಒತ್ತಿದರೆ ಸಾಕು, ಉಳಿದದ್ದನ್ನು ಬಿರುಕೇ ಮಾಡುತ್ತದೆ. ಐಸನ್ನು ಮೆಲ್ಲಗೆ ಒತ್ತುತ್ತಾ ಹೋದರೆ ಅದು ಬಾಗುತ್ತದೆ, ಹರಿಯುತ್ತದೆ. ಹಿಮನದಿಗಳು ಬೆಟ್ಟದಿಂದ ಇಳಿಯುವುದು ಹಾಗೆ. ಥಟ್ಟನೆ ಒತ್ತಿದರೆ ಗಾಜಿನಂತೆ ಸಿಡಿಯುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಒಣಗಿ ಗರಿಗರಿಯಾದ ಐಸು ಈ ಹಲ್ಲುಗಳಿಗೆ ಸಲೀಸು. ಸೊನ್ನೆಯ ಹತ್ತಿರದ ಒದ್ದೆ ಐಸು ಬ್ಲೇಡಿಗೆ ಮೆತ್ತಿಕೊಂಡು ಅಲ್ಲೇ ಮತ್ತೆ ಹೆಪ್ಪುಗಟ್ಟುತ್ತದೆ.

ತುಂಡೂ ಹುಡಿಯೂ ಒಂದೇ ಬಾಯಿಂದ ಬರುವುದು ಹೇಗೆ? ಫುಂಡಿ ಬೆರಳಿನಿಂದ ಗೂಡಿನ ತಳದ ಒಂದು ಕದವನ್ನು ಸರಿಸಿ ತೋರಿಸಿದರು. ತುಂಡು ಬೇಕೆಂದು ಗುಂಡಿ ಒತ್ತಿದಾಗ ಸೊಲೆನಾಯ್ಡ್ ಎಂಬ ವಿದ್ಯುತ್ ಅಯಸ್ಕಾಂತ ಒಂದು ಕಡ್ಡಿಯನ್ನು ಎಳೆಯುತ್ತದೆ, ಕದ ತೆರೆಯುತ್ತದೆ, ನಿಂತ ಬ್ಲೇಡುಗಳನ್ನು ಮುಟ್ಟುವ ಮೊದಲೇ ಐಸು ಜಾರಿ ಬೀಳುತ್ತದೆ. ಹುಡಿ ಬೇಕೆಂದರೆ ಕದ ಮುಚ್ಚಿಯೇ ಇರುತ್ತದೆ. ಬೇರೆ ದಾರಿಯಿಲ್ಲದೆ ಐಸು ಹಲ್ಲುಗಳ ನಡುವೆ ಹಾಯಬೇಕು. ಎರಡಕ್ಕೂ ಒಂದೇ ಮೋಟಾರು, ನಡುವೆ ಒಂದು ಕದ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಸ್ಪಷ್ಟವಾದ ಯೋಚನೆಯನ್ನು ನಾನು ಅಡುಗೆಮನೆಯ ಬೇರಾವ ಯಂತ್ರದಲ್ಲೂ ಕಂಡಿಲ್ಲ.

ಹುಡಿಯಾದ ಮಾತ್ರಕ್ಕೆ ಐಸಿನ ತಂಪು ಹೆಚ್ಚುವುದಿಲ್ಲ. ಒಂದು ಕಿಲೋ ಐಸು ಕರಗಲು 334 ಕಿಲೋಜೂಲ್ ಶಾಖ ಹೀರುತ್ತದೆ, ಅಂದರೆ ನಾಲ್ಕು ಕಿಲೋ ನೀರನ್ನು 20 ಡಿಗ್ರಿ ಇಳಿಸುವಷ್ಟು. ತುಂಡಾದರೂ ಅಷ್ಟೇ, ಹುಡಿಯಾದರೂ ಅಷ್ಟೇ. ಬದಲಾಗುವುದು ವೇಗ. ಮೂರು ಸೆಂಟಿಮೀಟರಿನ ಘನವನ್ನು ಮೂರು ಮಿಲಿಮೀಟರಿನ ಚೂರುಗಳಾಗಿಸಿದರೆ ಗಾಳಿಗೂ ನೀರಿಗೂ ತಾಗುವ ಮೈ ಹತ್ತು ಪಟ್ಟಾಗುತ್ತದೆ. ಮೀನಿನ ಕಿವಿರಿನ ಮಡಿಕೆಗೂ ಹೊಟ್ಟೆಯ ಕೆಳಗೂ ತೂರಿಕೊಳ್ಳುವುದು ಹುಡಿ ಮಾತ್ರ. ಅದನ್ನು ಮಲ್ಪೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಉಪ್ಪುನೀರಿನ ತೊಟ್ಟಿಯಲ್ಲಿ ಡಬ್ಬಿ ಮುಳುಗಿಸಿ ಕಟ್ಟಿದ ಐಸಿನ ದಿಮ್ಮಿಗಳನ್ನು ಮುಳ್ಳುಮುಳ್ಳಿನ ಉರುಳೆಯ ಬಾಯಿಗೆ ತಳ್ಳುತ್ತಾರೆ. ಹುಡಿ ಭರ್ರೆಂದು ಬೋಟಿನ ಹೊಟ್ಟೆಗೆ ಸುರಿಯುತ್ತದೆ. ಮೊನೆ ಊರಿ ಬಿರುಕು ಬಿಡಿಸುವ ತತ್ವವೇ ಅಲ್ಲೂ. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಹಾಗಾಗಿ ಈಗ ಆ ಉರುಳೆಗಳಿಗೂ ವಿಶ್ರಾಂತಿ. ನೈರೋಬಿಯ ಮುಯಿಂಡಿ ಮ್ಬಿಂಗು ರಸ್ತೆಯ ಸಿಟಿ ಮಾರ್ಕೆಟಿನಲ್ಲಿಯೂ ಮೀನು ಮಲಗುವುದು ಐಸಿನ ಹಾಸಿಗೆಯ ಮೇಲೆಯೇ. ಆದರೆ ಕುಡಿಯುವ ಲೋಟದಲ್ಲಿ ಐಸು ಈ ಊರಿನ ಹಳೆಯ ರೂಢಿಯಲ್ಲ. ಹೋಟೆಲಿನಲ್ಲಿ ಸೋಡಾ ಕೇಳಿದರೆ ಮಾಣಿಯ ಮೊದಲ ಪ್ರಶ್ನೆ, ಬರಿದಿಯೋ ಮೋಟೋವೋ, ತಣ್ಣಗಿನದೋ ಹಾಗೇ ಇಟ್ಟದ್ದೋ ಎಂದು. ಸ್ವೆಟರಿನ ತಿಂಗಳಲ್ಲಿ ಹಲವರು ಮೋಟೋ ಎನ್ನುತ್ತಾರೆ.

ಗಡ್ಡೆ ಕಟ್ಟಿದ್ದು ಏಕೆ ಎಂಬುದಕ್ಕೆ ಫುಂಡಿ ಕೊಟ್ಟ ಉತ್ತರ ಒಂದೇ ಶಬ್ದ: "ಸ್ಟೀಮಾ." ಕರೆಂಟು. ಕರೆಂಟು ಹೋದಾಗ ಮೇಲಿನ ತುಂಡುಗಳು ಬೆವರುತ್ತವೆ, ಆ ನೀರು ಕೆಳಗಿಳಿದು ಸುರುಳಿಯ ಸುತ್ತ ನಿಲ್ಲುತ್ತದೆ, ಕರೆಂಟು ಬಂದೊಡನೆ ಅದು ಗಾರೆಯಾಗುತ್ತದೆ. ಮೋಟಾರಿಗೆ ತಿರುಗುವ ಆಸೆ, ಆದರೆ ತಿರುಗಲಾಗದು. ಅದೇ ಆ ಗುಂಯ್. ಗಂಟೆ ಅರ್ಧಗಂಟೆ ಹೋದರೆ ಇಷ್ಟಾಗುವುದಿಲ್ಲ. ಆದರೆ ಇಲ್ಲಿ ದೇಶಕ್ಕೆ ದೇಶವೇ ಕತ್ತಲಾದ ದಿನಗಳಿವೆ. 2016ರ ಜೂನ್ 7ರಂದು ತಾನಾ ನದಿಯ ಗಿಟಾರು ಜಲವಿದ್ಯುತ್ ಕೇಂದ್ರದಲ್ಲಿ ಮಾಡಿನಿಂದ ಒಂದು ಮಂಗ ಟ್ರಾನ್ಸ್‌ಫಾರ್ಮರಿನ ಮೇಲೆ ಬಿದ್ದು ಇಡೀ ಕೆನ್ಯಾ ಮೂರು ಗಂಟೆಗೂ ಹೆಚ್ಚು ಹೊತ್ತು ಕತ್ತಲಲ್ಲಿತ್ತು. ಮಂಗ ಬದುಕಿಕೊಂಡಿತು. 2023ರ ಆಗಸ್ಟ್ 25ರ ರಾತ್ರಿ ಹೋದ ಕರೆಂಟು ಕೆಲವು ಕಡೆ ಮರುದಿನವೂ ಬರಲಿಲ್ಲ. ಈ ಯಂತ್ರವನ್ನು ಕಲ್ಪಿಸಿದವರ ಮನೆಯಲ್ಲಿ ಕರೆಂಟು ಹೋಗುವುದೆಂಬುದು ಲೆಕ್ಕದಲ್ಲೇ ಇರಲಿಲ್ಲ.

ಕರೆಂಟು ಇದ್ದಾಗಲೂ ಅದು ಬೇರೆ ಜಾತಿಯದು. ಅಮೆರಿಕದ ಮನೆಗೆ ಬರುವುದು 60 ಹರ್ಟ್ಸ್‌ನದು, ನೂರಾ ಹದಿನೈದು ವೋಲ್ಟಿನ ಆಸುಪಾಸು. ಕೆನ್ಯಾದ್ದು 240 ವೋಲ್ಟ್, 50 ಹರ್ಟ್ಸ್. ರಾಯರು ಟ್ರಾನ್ಸ್‌ಫಾರ್ಮರ್ ಇಟ್ಟಿದ್ದರು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಮೋಟಾರು ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ, ಕಾಯುತ್ತದೆ. 115 ವೋಲ್ಟಿನ ಬದಲು 96ರ ಹತ್ತಿರ ಕೊಟ್ಟರೆ ಸುಖವಾಗಿರುತ್ತದೆ ಎಂದು ಫುಂಡಿ ಒಂದು ಕಾರ್ಡ್‌ಬೋರ್ಡ್ ಚೂರಿನ ಮೇಲೆ ಗುಣಿಸಿ ತೋರಿಸಿದರು. ಐಸ್ ಅಚ್ಚಿಗೆ ನೀರು ಬಿಡುವ ಹೊತ್ತನ್ನು ಅಳೆಯುವುದೂ ಇಂಥದೇ ಒಂದು ಪುಟ್ಟ ಮೋಟಾರು. ಅಲ್ಲಿ 7.5 ಸೆಕೆಂಡು ತೆರೆಯುತ್ತಿದ್ದ ವಾಲ್ವು ಇಲ್ಲಿ 9 ಸೆಕೆಂಡು ತೆರೆದಿರುತ್ತದೆ. ನೀರಿನ ಒತ್ತಡ ಸರಿಯಿದ್ದರೆ ಅಚ್ಚು ತುಂಬಿ ಹೊರಚೆಲ್ಲುತ್ತದೆ, ಚೆಲ್ಲಿದ್ದು ಪೆಟ್ಟಿಗೆಗಿಳಿದು ತುಂಡುಗಳನ್ನು ಬೆಸೆಯುತ್ತದೆ.

ಪೆಟ್ಟಿಗೆ ಒಣಗಿದ ಮೇಲೆ ಫುಂಡಿ ಮುರಿದ ಭಾಗವನ್ನು ಕೈಗಿಟ್ಟರು. ಮೋಟಾರಿನ ದಂಡವನ್ನೂ ಸುರುಳಿಯನ್ನೂ ಕೂಡಿಸುವ ಪ್ಲಾಸ್ಟಿಕ್ ಕೊಂಡಿ. ಗಡ್ಡೆಯೊಡನೆ ಗುದ್ದಾಡಿ ಅದರ ಒಂದು ಕಿವಿ ಹಾರಿಹೋಗಿತ್ತು.

"ಮ್ಜೇ, ಇದನ್ನು ಕಬ್ಬಿಣದಲ್ಲೇ ಮಾಡಿಸಿಬಿಡಿ. ಇನ್ನೊಮ್ಮೆ ಮುರಿಯುವುದು ಬೇಡ," ಎಂದರು ರಾಯರು. ಹಿರಿಯರನ್ನು ಇಲ್ಲಿ ಕರೆಯುವುದು ಹಾಗೆ, ಮ್ಜೇ ಎಂದು.

ಫುಂಡಿ ತಲೆಯಾಡಿಸಿದರು. "ಐಸು ಹಟ ಹಿಡಿದಾಗ ಏನೋ ಒಂದು ಸೋಲಲೇಬೇಕು, ಬಾಸ್. ಇದು ಸೋಲದಿದ್ದರೆ ಗೇರು ಸೋಲುತ್ತದೆ. ಗೇರು ನನಗೆ ನೈರೋಬಿಯಲ್ಲಿ ಸಿಗುವುದಿಲ್ಲ. ಇದನ್ನು ಕಾರಿಯೋಬಾಂಗಿಯ ಲೇತಿನವನು ಮಧ್ಯಾಹ್ನದೊಳಗೆ ಮಾಡಿಕೊಡುತ್ತಾನೆ. ನೈಲಾನಿನಲ್ಲಿ."

ನನಗೆ ಅವರ ಬಗ್ಗೆ ಗೌರವ ಹುಟ್ಟಿದ್ದು ಈ ಮಾತಿನಲ್ಲಿ. ಈ ಬಗೆಯ ಫ್ರಿಜ್ಜನ್ನು ಕಲ್ಪಿಸಿದವರು 1960ರ ದಶಕದ ಅಮೆರಿಕದಲ್ಲಿ ಐಸನ್ನು ಬಾಗಿಲಿನಿಂದಲೇ ಬೀಳಿಸುವ ಬಯಕೆಯಿಂದ ಹೊರಟವರು. ಅವರು ಬರೆಯದೆ ಬಿಟ್ಟದ್ದನ್ನೆಲ್ಲ ಈ ಓಣಿ ಒಂದೊಂದಾಗಿ ತುಂಬಿಸಿಕೊಳ್ಳುತ್ತಿದೆ. ಯಾವುದು ಗಟ್ಟಿಯಿರಬೇಕು, ಯಾವುದು ಮೊದಲು ಮುರಿಯಬೇಕು ಎಂಬುದೂ ಅದರಲ್ಲಿ ಸೇರಿದೆ.

ಊಟದ ಹೊತ್ತಿಗೆ ಬಿಳಿ ಕೊಂಡಿ ಬಂತು, ಕೂತಿತು. ಪಕ್ಕದ ಡೀಪ್ ಫ್ರೀಜರಿನಿಂದ ಒಣ ತುಂಡುಗಳನ್ನು ತಂದು ಸುರಿದು ಗುಂಡಿ ಒತ್ತಿದರು. ಗೂಡಿನೊಳಗೆ ಕಟಕಟ, ಆಮೇಲೆ ಕರಕರ. ಸ್ಟೀಲ್ ಲೋಟದ ತುಂಬ ಹುಡಿ. ತುಂಡಿನ ಗುಂಡಿಗೆ ಬದಲಿಸಿದಾಗ ಮೊದಲು ಹಲ್ಲುಗಳಲ್ಲಿ ಉಳಿದಿದ್ದ ಹುಡಿ ಉದುರಿತು, ಆಮೇಲೆ ಅರ್ಧಚಂದ್ರಗಳು. ಗುಂಡಿ ಬಿಟ್ಟ ಮೇಲೂ ಬಾಗಿಲಿನ ಮುಚ್ಚಳ ಕೆಲವು ಸೆಕೆಂಡು ತೆರೆದೇ ಇದ್ದು, ಕೊನೆಯ ಚೂರಿಗೂ ಅವಕಾಶ ಕೊಟ್ಟು ಮುಚ್ಚಿಕೊಂಡಿತು.

"ವಾರಕ್ಕೊಮ್ಮೆಯಾದರೂ ತಿರುಗಿಸಿ. ಸ್ಟೀಮಾ ಬಹಳ ಹೊತ್ತು ಹೋದರೆ ಪೆಟ್ಟಿಗೆ ಎಳೆದು ಖಾಲಿ ಮಾಡಿ," ಎಂದ ಫುಂಡಿ, ಆಮೇಲೆ ನೆನಪಾದಂತೆ ಕೇಳಿದರು: "ನಿಮ್ಮದು ಎಷ್ಟನೇ ಮಹಡಿ?"

"ನಾಲ್ಕು. ಮೇಲೆ ತಾರಸಿ."

"ನೀರು?"

"ತಾರಸಿಯ ಟ್ಯಾಂಕಿನದು. ನಲ್ಲಿಯಲ್ಲಿ ವಾರಕ್ಕೆ ಕೆಲವೇ ದಿನ."

ಫುಂಡಿ ಮತ್ತೆ ಕಾರ್ಡ್‌ಬೋರ್ಡ್ ತೆಗೆದುಕೊಂಡರು. ನೈರೋಬಿಯ ನೀರಿನ ಬಹುಪಾಲು ನ್ಡಾಕಾಯಿನಿ ಅಣೆಕಟ್ಟಿನಿಂದ ಬರುತ್ತದೆ, ಪಾಳಿಯ ಮೇಲೆ ಬಡಾವಣೆಗಳಿಗೆ ಹಂಚಿಹೋಗುತ್ತದೆ. ಅದಕ್ಕೇ ಮನೆಮನೆಯ ತಲೆಯ ಮೇಲೂ ಕರಿ ಟ್ಯಾಂಕು. ಈ ಫ್ರಿಜ್ಜಿನ ವಾಲ್ವಿಗೆ ಸುಮಾರು 1.4 ಬಾರ್ ಒತ್ತಡ ಬೇಕು. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಒಂದು ಬಾರ್‌ನಷ್ಟು. ಅಂದರೆ ಟ್ಯಾಂಕು ಹದಿನಾಲ್ಕು ಮೀಟರ್ ಮೇಲಿರಬೇಕು. ಅದೇ ಕಟ್ಟಡದ ನೆಲಮಹಡಿಯವರ ಮನೆಯಲ್ಲಿ ಐಸು ಕಟ್ಟೀತು, ತಾರಸಿಗೆ ತಲೆ ತಾಗುವ ನಾಲ್ಕನೆಯ ಮಹಡಿಯಲ್ಲಿ ನೀರು ಅಚ್ಚಿಗೆ ತೊಟ್ಟಿಕ್ಕುತ್ತದೆ ಅಷ್ಟೆ. ಒತ್ತಡ ಕಡಿಮೆಯಾದರೆ ವಾಲ್ವು ಬಿಗಿಯಾಗಿ ಮುಚ್ಚುವುದೂ ಇಲ್ಲ.

"ಹಾಗಾದರೆ ಪಂಪು," ಎಂದು ಫುಂಡಿ ಅಳತೆ ಬರೆದು ಚೂರನ್ನು ರಾಯರ ಕೈಗೆ ಕೊಟ್ಟರು. ರಾಯರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, ಫ್ರಿಜ್ಜನ್ನು ಎತ್ತಲು ಗಾಡಿಯವರನ್ನು ಕರೆದರು.