ಜಾಕ್: ಟನ್ನಿಗಿಂತ ಮೊದಲು ಎತ್ತರ ನೋಡಿ

ಬಿಡಿಭಾಗದ ಅಂಗಡಿಯಲ್ಲಿ ಜಾಕ್ ಕೇಳಿದರೆ ಮೊದಲು ಬರುವ ಪ್ರಶ್ನೆ, "ಎಷ್ಟು ಟನ್ನಿಂದು ಕೊಡ್ಲಿ?" ತೋಟದ ಕಚ್ಚಾ ದಾರಿಯಲ್ಲಿ, ಘಟ್ಟದ ಕೆಸರಿನಲ್ಲಿ ಜೀಪು ಓಡಿಸುವವರು ಬಹಳ ಸಲ ಕೊಡುವ ಉತ್ತರ, "ದೊಡ್ಡದೇ ಇರ್ಲಿ ಬಿಡಿ." ಆದರೆ ಬಾಟಲ್ ಜಾಕ್‌ಗಳಲ್ಲಿ ಟನ್ ಹೆಚ್ಚಿದಂತೆ ಮೈಯೂ ಸಾಮಾನ್ಯವಾಗಿ ಎತ್ತರವಾಗುತ್ತದೆ. ಗಾಳಿ ಹೋಗಿ ಕುಸಿದ ಗಾಡಿಯಡಿ ಅದು ತೂರದಿದ್ದರೆ ಹತ್ತು ಟನ್ನಿನ ಶಕ್ತಿಯೂ ವ್ಯರ್ಥ.

ಭಾರದ ಲೆಕ್ಕ ಸುಲಭ. ಮಹೀಂದ್ರ ಥಾರ್‌ನಂಥ ಗಾಡಿ ಜನ, ಸಾಮಾನು ಸೇರಿ 2,200 ಕೆ.ಜಿ. ಇದೆ ಎನ್ನೋಣ. ಒಂದು ಗಾಲಿ ಎತ್ತುವಾಗ ಜಾಕ್ ಹೊರುವುದು ಅದರ ಕಾಲುಭಾಗದಷ್ಟು, ಗಾಡಿ ವಾಲಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಒಟ್ಟು ತೂಕದ ಮುಕ್ಕಾಲು ಪಾಲು ತಡೆಯುವ ಜಾಕ್ ಸಾಕು ಎಂಬುದು ರೂಢಿಯ ಅಂದಾಜು. 2 ಟನ್ ನಡೆಯುತ್ತದೆ, 3 ಟನ್ ಧಾರಾಳ.

ಎತ್ತರದ ಲೆಕ್ಕಕ್ಕೆ ಮಾತ್ರ ಕೂತು ಅಳೆಯಬೇಕು. 2020ರ ಥಾರ್‌ನ ದೊಡ್ಡ ಟಯರಿನ ಮೇಲೆ 255/65 ಆರ್18 ಎಂದಿರುತ್ತದೆ. ಅಗಲ 255 ಮಿ.ಮೀ.; ಅದರ ಶೇ. 65, ಅಂದರೆ ಸುಮಾರು 166 ಮಿ.ಮೀ., ರಿಮ್ಮಿನಿಂದಾಚೆಗಿನ ಟಯರಿನ ಎತ್ತರ. ಗಾಳಿ ಪೂರ್ತಿ ಹೋದರೆ ಇದು ಮಡಚಿಕೊಂಡು ಆ್ಯಕ್ಸಲ್ ಹತ್ತು ಹನ್ನೆರಡು ಸೆಂ.ಮೀ. ಕೆಳಗೆ ಕೂರುತ್ತದೆ. ಆಗ ಆ್ಯಕ್ಸಲ್ ಕೊಳವೆಯಡಿ ಉಳಿಯುವುದು ಗೇಣುದ್ದ ಸಂದು. ಗಾಲಿ ಗುಂಡಿಗಿಳಿದಿದ್ದರೆ ಅಷ್ಟೂ ಇಲ್ಲ. ಪೂರ್ತಿ ಇಳಿಸಿದ ಜಾಕ್ ಆ ಸಂದಿನಲ್ಲಿ ಕೂರಬೇಕು. ಪೂರ್ತಿ ಏರಿದಾಗ, ಕುಸಿದಷ್ಟನ್ನೂ ಮರಳಿ ಎತ್ತಿ, ಗಾಳಿ ತುಂಬಿದ ಸ್ಟೆಪ್ನಿ ಹಿಡಿಯಲು ಇನ್ನೂ ನಾಲ್ಕೈದು ಸೆಂ.ಮೀ. ಮೇಲೇರಬೇಕು. ಜಾಕ್‌ನ ತಲೆಯಲ್ಲಿ ತಿರುಗಿಸಿ ಎಳೆಯುವ ತಿರುಪು ಇರುವುದು ಇಂಥ ಹೊತ್ತಿಗೇ.

ಜಾಕ್ ಎಲ್ಲಿ ಕೊಡುತ್ತೀರಿ ಎಂಬುದೂ ಮುಖ್ಯ. ಥಾರ್‌ನ ಹಿಂದಿನ ಗಾಲಿಗಳು ಒಂದೇ ಗಟ್ಟಿ ಆ್ಯಕ್ಸಲ್‌ಗೆ ಸೇರಿವೆ. ಅದರಡಿ ಕೊಟ್ಟರೆ ಜಾಕ್ ಏರಿದಂತೆ ಗಾಲಿಯೂ ಏರುತ್ತದೆ. ಚಾಸಿಗೆ ಕೊಟ್ಟರೆ ಗಾಡಿಯ ಮೈ ಮೇಲೇಳುತ್ತದೆ, ಒತ್ತಿಕೊಂಡಿದ್ದ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ಗಾಲಿಯನ್ನು ನೆಲಕ್ಕೇ ಒತ್ತುತ್ತಿರುತ್ತದೆ. ಸ್ಪ್ರಿಂಗ್ ಪೂರ್ತಿ ಸಡಿಲವಾಗುವವರೆಗೆ ಗಾಲಿ ನೆಲ ಬಿಡುವುದಿಲ್ಲ. ಕಲ್ಲು ಗುಂಡಿಗಳಲ್ಲಿ ಗಾಲಿ ನೆಲ ಬಿಡದಿರಲೆಂದೇ ಇಂಥ ಗಾಡಿಗಳಿಗೆ ಉದ್ದನೆಯ ಓಟದ ಸ್ಪ್ರಿಂಗ್ ಇಟ್ಟಿರುತ್ತಾರೆ. ಪಂಕ್ಚರ್ ಆದಾಗ ಆ ಗುಣವೇ ತೊಡಕು. ದೊಡ್ಡ ಟಯರ್ ಹಾಕಿಸಿ, ಸ್ಪ್ರಿಂಗ್ ಎತ್ತರಿಸಿದ ಗಾಡಿಗೆ ಕಂಪನಿ ಕೊಟ್ಟ ಜಾಕ್ ಎಟುಕದೇ ಹೋಗಬಹುದು.

ಜಾಕ್‌ನೊಳಗಿನ ಕೆಲಸ ಪ್ಯಾಸ್ಕಲ್ ನಿಯಮದ್ದು. ಎಣ್ಣೆಯ ಮೇಲಿನ ಒತ್ತಡ ಎಲ್ಲೆಡೆ ಸಮನಾಗಿ ಹಬ್ಬುತ್ತದೆ. 1 ಸೆಂ.ಮೀ. ವ್ಯಾಸದ ಪಿಸ್ಟನ್ ಒತ್ತಿ 3 ಸೆಂ.ಮೀ. ವ್ಯಾಸದ್ದನ್ನು ಎತ್ತಿದರೆ ಬಲ ಒಂಬತ್ತು ಪಟ್ಟು. ಹಿಡಿಯ ಸನ್ನೆಯಿಂದ ಇನ್ನೊಂದು ಹತ್ತು ಪಟ್ಟು. ಹಾಗಾಗಿ ಏಳೆಂಟು ಕೆ.ಜಿ.ಯಷ್ಟು ಒತ್ತಿದರೆ 600 ಕೆ.ಜಿ. ಏಳುತ್ತದೆ. ಬಲ ಹೆಚ್ಚಿದಷ್ಟೇ ಪಟ್ಟು ದೂರವೂ ಹೆಚ್ಚುವುದರಿಂದ, ಗಾಡಿ 1 ಸೆಂ.ಮೀ. ಏರಲು ಕೈ ಒಟ್ಟು 90 ಸೆಂ.ಮೀ. ಓಡಾಡಬೇಕು.

ಇಷ್ಟೆಲ್ಲ ಸರಿಯಿದ್ದೂ ಮಳೆಗಾಲದಲ್ಲಿ ಗಾಡಿ ಏಳುವ ಬದಲು ಜಾಕ್ ಹೂತುಹೋಗುತ್ತದೆ. ಅದರ ಪಾದ 10 ಸೆಂ.ಮೀ. ಚೌಕವಿದ್ದರೆ 600 ಕೆ.ಜಿ. ಭಾರ ಬೀಳುವುದು 100 ಚದರ ಸೆಂ.ಮೀ. ಮೇಲೆ: ಪ್ರತಿ ಚದರ ಸೆಂ.ಮೀ.ಗೆ 6 ಕೆ.ಜಿ. ಟಯರ್ ಒತ್ತುವುದು ಹೆಚ್ಚುಕಡಿಮೆ 2 ಕೆ.ಜಿ. ಮಾತ್ರ. ಜಾಕ್ ಕೆಳಗೆ 30 ಸೆಂ.ಮೀ. ಚೌಕದ ಗಟ್ಟಿ ಹಲಗೆ ಇಟ್ಟರೆ ಒತ್ತಡ ಒಂದು ಕೆ.ಜಿ.ಗಿಂತ ಕೆಳಗಿಳಿಯುತ್ತದೆ. ತೆಳು ಹಲಗೆ ಸೀಳಿಬಿಡುತ್ತದೆ. ಮೂರು ನಾಲ್ಕು ಸೆಂ.ಮೀ. ದಪ್ಪ ಬೇಕು. ಆ ದಪ್ಪವೂ ಗೇಣುದ್ದ ಸಂದಿನಿಂದಲೇ ಕಳೆಯುವುದರಿಂದ, ಜಾಕ್ ಆರಿಸುವಾಗ ಹಲಗೆಯನ್ನೂ ಸೇರಿಸಿ ಅಳೆಯಿರಿ.

ನಾಲ್ಕಡಿ ಎತ್ತರದ ಫಾರ್ಮ್ ಜಾಕ್ ಇದ್ದರೆ ಎತ್ತರದ ಚಿಂತೆಯಿಲ್ಲ. ಆದರೆ ಅದಕ್ಕೆ ಕಬ್ಬಿಣದ ಬಂಪರ್ ಬೇಕು, ಪ್ಲಾಸ್ಟಿಕ್ ಬಂಪರಿನಲ್ಲಿ ಹಿಡಿತ ಸಿಗದು. ಪಕ್ಕಕ್ಕೆ ವಾಲುವ ಅಪಾಯವಿದೆ. ಇಳಿಸುವಾಗ ಕೈತಪ್ಪಿದರೆ ಹಿಡಿ ದವಡೆ ಮುರಿಯುವಷ್ಟು ರಭಸದಿಂದ ಬಡಿಯುತ್ತದೆ. ಪಳಗಿದವರ ಜೊತೆ ಕಲಿಯದೆ ಅದನ್ನು ಮುಟ್ಟದಿರುವುದು ಒಳ್ಳೆಯದು.

ಯಾವ ಬಾಟಲ್ ಜಾಕ್ ಆದರೂ, ಎತ್ತಿದ ಗಾಡಿಯನ್ನು ಹಿಡಿದಿರುವುದು ಒಂದಿಷ್ಟು ಎಣ್ಣೆ, ರಬ್ಬರ್ ಸೀಲ್, ಪುಟ್ಟ ವಾಲ್ವ್ ಅಷ್ಟೇ. ಎತ್ತುವ ಮುನ್ನ ಹ್ಯಾಂಡ್ ಬ್ರೇಕ್ ಎಳೆದು, ಎದುರು ಮೂಲೆಯ ಗಾಲಿಗೆ ಎರಡೂ ಕಡೆ ಕಲ್ಲು ಕೊಡಿ. ಗಾಡಿ ಎದ್ದ ಕೂಡಲೇ ಸ್ಟೆಪ್ನಿಯನ್ನು ಚಾಸಿಯಡಿ ಅಡ್ಡ ಮಲಗಿಸಿ. ಪಂಕ್ಚರ್ ಆದ ಗಾಲಿ ಬಿಚ್ಚಿದ ಮೇಲೆ ಅದನ್ನು ಅಲ್ಲಿಗೆ ತೂರಿಸಿ, ಸ್ಟೆಪ್ನಿಯನ್ನು ಆಚೆ ಎಳೆದುಕೊಳ್ಳಿ.